ಆ ನಗು ಗುಬ್ಬಿಯದಲ್ಲ, ಬರ್ಲಿನ್ನಿನದು

ಮಾನ್ಯರೇ,

ಹೋದ ಭಾನುವಾರದ ಪುರವಣಿಯಲ್ಲಿ ಹಳೇ ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ನಡುವೆ ಒಂದು ಸಾಲು ಬಂತು ನೋಡಿ, ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. 'ನಗುವ ಪ್ಲೇಟು' ಅಂತ ಒಂದಿತ್ತು, ಅದರಲ್ಲಿ ಮಾತೇ ಇರಲಿಲ್ಲ, ಬರೀ ನಗು, ಅದು ನಮ್ಮದೇ ಯಾವುದೋ ನಾಟಕ ಕಂಪನಿಯ ಹಾಸ್ಯನಟರು ಕೊಟ್ಟದ್ದು ಅಂತ ಲೇಖಕರು ಬರೆದಿದ್ದಾರೆ. ಅವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ನಲವತ್ತು ವರ್ಷ ನಾನೂ ಅದನ್ನೇ ನಂಬಿದ್ದೆ. ನಮ್ಮ ತಾತ ಹೇಳಿದ್ದರು, ಇನ್ನೇನು ಬೇಕು?

ಆ ಪ್ಲೇಟು ನಮ್ಮ ಮನೆಯಲ್ಲಿದೆ. ಹತ್ತು ಇಂಚಿನದು, ನಿಮಿಷಕ್ಕೆ 78 ಸುತ್ತು ತಿರುಗುವ ಕಾಲದ್ದು, ಒಂದು ಬದಿಗೆ ಮೂರು ನಿಮಿಷ. ಕೀ ಕೊಟ್ಟು, ಹೊಸ ಪಿನ್ನು ಹಾಕಿ, ಮೆಲ್ಲಗೆ ಇಟ್ಟರೆ ಮೊದಲು ಕರಕರ ಸದ್ದು. ಆಮೇಲೆ ಒಂದು ಕಾರ್ನೆಟ್ ಶುರುವಾಗುತ್ತದೆ. ಬ್ಯಾಂಡ್‌ಸೆಟ್‌ನವರ ಟ್ರಂಪೆಟ್ಟಿನ ತಮ್ಮ ಅಂದುಕೊಳ್ಳಿ. ಸಾವಿನ ಮನೆ ಮುಂದೆ ಊದಿದ ಹಾಗೆ, ಅಷ್ಟು ಅಳುಮುಂಜಿ ರಾಗ. ಎಲ್ಲೋ ಒಂದು ಕಡೆ ಸ್ವರ ಜಾರುತ್ತದೆ. ಅಷ್ಟೇ ಸಾಕು, ಹಿಂದಿನಿಂದ ಒಬ್ಬ ಹೆಂಗಸು 'ಕಿಸಕ್' ಅಂತಾಳೆ. ತಡೆದುಕೊಳ್ಳುತ್ತಾಳೆ. ಕಾರ್ನೆಟ್ ಮತ್ತೆ ಗಂಭೀರವಾಗುತ್ತದೆ. ಅವಳಿಗೆ ಆಗುವುದಿಲ್ಲ. ಈ ಸಲ ಒಬ್ಬ ಗಂಡಸೂ ಸೇರಿಕೊಳ್ಳುತ್ತಾನೆ, ದಪ್ಪ ಗಂಟಲಿನವನು. ಊದುವವನು ಪಾಪ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾನೆ, ಅವರಿಬ್ಬರೂ ಮತ್ತೆ ಮತ್ತೆ ಬೀಳಿಸುತ್ತಾರೆ. ಕೊನೆಗೆ ಉಸಿರು ಕಟ್ಟಿ, ಕೂಗಾಡಿ, ಹೊಟ್ಟೆ ಹಿಡಿದುಕೊಂಡು ನಗುವುದೊಂದೇ ಉಳಿಯುತ್ತದೆ. ಕೇಳುತ್ತಾ ಕೂತವರು ಒಂದು ನಿಮಿಷ ಬಿಗಿಯಾಗಿರುತ್ತಾರೆ. ಎರಡನೇ ನಿಮಿಷಕ್ಕೆ ಎಲ್ಲರೂ ಔಟ್. ನಾನು ನೋಡಿದ ಮಟ್ಟಿಗೆ ಯಾರೂ ತಪ್ಪಿಸಿಕೊಂಡಿಲ್ಲ, ನಮ್ಮ ಮನೆಗೆ ಬಂದಿದ್ದ ಬ್ಯಾಂಕಿನವರೂ ಸೇರಿ.

ತಾತ ಅದನ್ನು 'ಓಕೆ ಪ್ಲೇಟು' ಅಂತ ಕರೆಯುತ್ತಿದ್ದರು. ಯಾಕೆಂದರೆ ಲೇಬಲ್ಲಿನ ಬಲಗಡೆ ಭಾಗವನ್ನು ಹುಳ ತಿಂದು ಮುಗಿಸಿದೆ. ಉಳಿದಿರುವುದು ಇಂಗ್ಲಿಷಿನ ಎರಡು ದಪ್ಪ ಅಕ್ಷರ, 'ಓ' ಮತ್ತು 'ಕೆ', ಕೆಳಗೆ 4678 ಅನ್ನೋ ನಂಬರು. ಕಾರ್ಖಾನೆಯಲ್ಲಿ ಚೆಕ್ ಮಾಡಿ ಪಾಸಾದ ಮಾಲಿಗೆ 'ಓಕೆ' ಅಂತ ಒತ್ತುತ್ತಾರೆ, ಇದು ಅದೇ, ಅಂತ ತಾತನ ವಿವರಣೆ. ನಗುವ ಗಂಡಸು ಗುಬ್ಬಿ ಕಂಪನಿಯ ಹಾಸ್ಯನಟ, ಹೆಂಗಸು ಅವನ ಜೊತೆ ಪಾರ್ಟು ಮಾಡುವವಳು, ನಾಟಕದಲ್ಲಿ ನಿಜವಾಗಲೂ ಹಾಗೇ ಆಗಿತ್ತು ಅಂತ ಕಥೆ ಬೇರೆ. ಕಥೆ ಹೇಳುವಾಗ ಒಂದೊಂದು ಸಲ ಒಂದೊಂದು ನಾಟಕದ ಹೆಸರು ಬರುತ್ತಿತ್ತು. ಆಗಲೇ ನಮಗೆ ಅನುಮಾನ ಬರಬೇಕಿತ್ತು, ಅಲ್ವಾ?

2020ರ ಲಾಕ್‌ಡೌನ್‌ನಲ್ಲಿ ಅಟ್ಟ ಇಳಿಸಿದಾಗ ಅದು ಕೈಗೆ ಬಂತು. ಮೊದಲು ಮಾಡಿದ ಕೆಲಸ ಮಹಾ ದಡ್ಡತನ. ಎಲ್ಲರ ಕೈಯಲ್ಲೂ ಸ್ಯಾನಿಟೈಸರ್ ಇದ್ದ ಕಾಲ ಅದು. ನಾನೂ ಹತ್ತಿಗೆ ಎರಡು ಹನಿ ಹಾಕಿ ಪ್ಲೇಟಿನ ಅಂಚು ಒರೆಸಿದೆ. ಹತ್ತಿ ಕಪ್ಪಾಯಿತು. ಧೂಳು ಬಂತು ಅಂತ ಖುಷಿಯಾಗಿ ಇನ್ನೂ ಸ್ವಲ್ಪ ಒರೆಸಿದರೆ ಬೆರಳು ಅಂಟಿತು. ಬಂದದ್ದು ಧೂಳಲ್ಲ, ಪ್ಲೇಟೇ ಕರಗುತ್ತಿತ್ತು! ಆ ಕಾಲದ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಅರಗಿಗೆ ಕಲ್ಲಿನ ಪುಡಿ, ಮಸಿ, ಹತ್ತಿಯ ನಾರು ಎಲ್ಲ ಸೇರಿಸಿ, ಬಿಸಿಯಲ್ಲಿ ಒತ್ತಿ ಮಾಡುತ್ತಿದ್ದರು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಮರಗೆಲಸದವರು ಬಾಗಿಲಿಗೆ ಹೊಡೆಯುವ ಸ್ಪಿರಿಟ್ ಪಾಲಿಶ್ ಕೂಡ ಅದೇ ತಾನೆ? ಇವತ್ತಿಗೂ ಆ ಪ್ಲೇಟಿನ ಅಂಚಿನಲ್ಲಿ ಎರಡು ಬೆರಳಗಲ ಮಂಕಾಗಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಒಣಗಿದ ಮೆತ್ತನೆ ಬ್ರಷ್ಷು ಸಾಕು.

ಅರಗು ಅಂದೆ. ಜಗತ್ತಿನ ಪ್ಲೇಟುಗಳಿಗೆಲ್ಲ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದಲೇ, ಈಗಿನ ಜಾರ್ಖಂಡಿನ ಕಡೆಯ ಕಾಡುಗಳಿಂದ. ಹುಳ ಕೊಂಬೆಯ ಮೇಲೆ ಕಟ್ಟಿದ್ದನ್ನು ಕೆರೆದು, ಕಾಯಿಸಿ, ಹಡಗಿಗೆ ಹಾಕಿ ಯುರೋಪಿಗೂ ಅಮೆರಿಕಕ್ಕೂ ಕಳಿಸುತ್ತಿದ್ದರು. ಹೋದದ್ದು ಅರಗು, ತಿರುಗಿ ಬಂದದ್ದು ನಗು. ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ ದುರ್ಯೋಧನನಿಗೆ ಈ ಉಪಯೋಗ ಹೊಳೆಯಲಿಲ್ಲ, ಬಿಡಿ.

ಇನ್ನು ಮೂಲ ಹುಡುಕಿದ ವಿಷಯ. ಮೊದಲು ನಾನು ಹೋದದ್ದು ತಪ್ಪು ದಾರಿಯಲ್ಲಿ. ನಗುವ ಪ್ಲೇಟು ಅಂದ ತಕ್ಷಣ ಎಲ್ಲರೂ ಹೇಳಿದ್ದು ಇಂಗ್ಲೆಂಡಿನ 'ನಗುವ ಪೊಲೀಸಪ್ಪ'ನ ಹಾಡು. ಚಾರ್ಲ್ಸ್ ಪೆನ್ರೋಸ್ ಎಂಬಾತ 1922ರಲ್ಲಿ ಚಾರ್ಲ್ಸ್ ಜಾಲಿ ಎಂಬ ಹೆಸರಿಟ್ಟುಕೊಂಡು ಹಾಡಿದ್ದು. ಕೇಳಿದೆ. ಅಲ್ಲ. ಅದರಲ್ಲಿ ಮಾತಿದೆ, ಕಥೆಯಿದೆ, ನಮ್ಮದರಲ್ಲಿ ಒಂದು ಪದವೂ ಇಲ್ಲ. ಆದರೆ ಆ ಪೊಲೀಸಪ್ಪನ ಧಾಟಿ ಎಲ್ಲಿಂದ ಬಂತು ಅಂತ ಹಿಡಿದು ಹೋದಾಗ ಸಿಕ್ಕ ಮನುಷ್ಯನನ್ನು ನಾನು ಮರೆಯುವ ಹಾಗಿಲ್ಲ. ಅವನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಪತ್ರ ಉದ್ದವಾದರೆ ಕ್ಷಮಿಸಿ.

ಹೆಸರು ಜಾರ್ಜ್ ಡಬ್ಲ್ಯೂ. ಜಾನ್ಸನ್. ಅಮೆರಿಕದ ವರ್ಜೀನಿಯಾದಲ್ಲಿ 1846ರ ಸುಮಾರಿಗೆ ಗುಲಾಮಗಿರಿಯೊಳಗೇ ಹುಟ್ಟಿದ ಕಪ್ಪು ಮನುಷ್ಯ. ನ್ಯೂಯಾರ್ಕಿನಲ್ಲಿ ದೋಣಿ ಹತ್ತುವ ಕಟ್ಟೆಯ ಹತ್ತಿರ ನಿಂತು ಚಿಲ್ಲರೆ ಕಾಸಿಗೆ ಹಾಡುತ್ತಿದ್ದ, ಸಿಳ್ಳೆ ಹೊಡೆಯುತ್ತಿದ್ದ. 1890ರ ಹೊತ್ತಿಗೆ ಫೋನೋಗ್ರಾಫ್, ಅಂದರೆ ಧ್ವನಿ ಹಿಡಿಯುವ ಯಂತ್ರದ ಕಂಪನಿಯವರ ಕಣ್ಣಿಗೆ ಬಿದ್ದ. ಅವನ ನಗುವಿನ ಹಾಡು ಊರೆಲ್ಲ ಓಡಿತು. ಆಗ ಇನ್ನೂ ಪ್ಲೇಟಲ್ಲ, ಮೇಣದ ಸಿಲಿಂಡರು. ಅದಕ್ಕೆ ಅಚ್ಚು ಇರಲಿಲ್ಲ. ಒಂದನ್ನು ನೋಡಿ ಇನ್ನೊಂದು ತೆಗೆಯುವ ಅನುಕೂಲ ಆಗಿನ್ನೂ ಸರಿಯಾಗಿ ಬಂದಿರಲಿಲ್ಲ. ಹಾಗಾಗಿ ಮೂರು ನಾಲ್ಕು ಯಂತ್ರಗಳ ಬಾಯಿ ಅವನ ಮುಖದ ಕಡೆ ತಿರುಗಿಸಿಟ್ಟು, ಒಂದು ಸಲ ಹಾಡಿಸುವುದು, ಸಿಲಿಂಡರು ಬದಲಿಸುವುದು, ಮತ್ತೆ ಹಾಡಿಸುವುದು. ದಿನಕ್ಕೆ ಐವತ್ತು ಸಲದವರೆಗೂ ಹಾಡಿದ್ದುಂಟಂತೆ. ಒಂದು ಸಲಕ್ಕೆ 20 ಸೆಂಟು ಕೂಲಿ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನಾವು ತಮಾಷೆಗೆ ಅನ್ನುತ್ತೇವೆ. ಇವನಿಗೆ ಅದೇ ಹೊಟ್ಟೆಪಾಡು. ಹಾಡುವುದಾದರೂ ಸರಿ, ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಜಾಗದಲ್ಲಿ, ಅದೇ ಅಳತೆಗೆ ನಗಬೇಕಲ್ಲ! ಒಂದು ಸಲ ನಾನು ಸುಮ್ನೆ ಬಾಗಿಲು ಹಾಕಿಕೊಂಡು ಮಾಡಿ ನೋಡಿದೆ. ಏಳನೇ ಸಲಕ್ಕೆ ಗಂಟಲು ಒಣಗಿ ಕೆಮ್ಮು ಬಂತು. ಅಚ್ಚಿನಲ್ಲಿ ಪ್ರತಿ ತೆಗೆಯುವ ವಿದ್ಯೆ ಬಂದ ಮೇಲೆ ಅವನನ್ನು ಮತ್ತೆ ಮತ್ತೆ ಕರೆಯುವ ಅಗತ್ಯವೇ ಇರಲಿಲ್ಲ. ಹಿಂದೆ ತನ್ನ ಜೊತೆ ಹಾಡಿದ್ದವನ ಆಫೀಸಿನಲ್ಲಿ ಬಾಗಿಲು ಕಾಯುವ ಕೆಲಸಕ್ಕಿದ್ದ. 1914ರಲ್ಲಿ ಬಡವನಾಗಿಯೇ ತೀರಿಕೊಂಡ. ಅವನ ಧಾಟಿ ಮಾತ್ರ ಇಂಗ್ಲೆಂಡಿಗೆ ಹೋಗಿ ಪೊಲೀಸಪ್ಪನಾಯಿತು.

ನಮ್ಮ ಪ್ಲೇಟು ಅವನದೂ ಅಲ್ಲ. ಮತ್ತೆ ಲೇಬಲ್ಲಿಗೇ ಬಂದೆ.

ಇಲ್ಲಿ ಓದುಗರಿಗೆ ಒಂದು ಉಪಯೋಗದ ಮಾತು. ಪ್ಲೇಟಿನಲ್ಲಿ ಎರಡು ನಂಬರು ಇರುತ್ತವೆ. ಲೇಬಲ್ಲಿನ ಮೇಲಿರುವುದು ಕ್ಯಾಟಲಾಗ್ ನಂಬರು, ಅಂಗಡಿಯವನ ಅನುಕೂಲಕ್ಕೆ. ಇನ್ನೊಂದು, ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪಾದ ಜಾಗದಲ್ಲಿ ಕೆತ್ತಿದ್ದು ಅಥವಾ ಒತ್ತಿದ್ದು. ಇದಕ್ಕೆ ಮ್ಯಾಟ್ರಿಕ್ಸ್ ನಂಬರು ಅಂತಾರೆ. ನೇರ ಬೆಳಕಿನಲ್ಲಿ ಕಾಣುವುದಿಲ್ಲ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಕಾಣುತ್ತದೆ. ಕ್ಯಾಟಲಾಗ್ ನಂಬರು ಬಾಡಿಗೆ ಮನೆಯ ವಿಳಾಸವಿದ್ದಂತೆ, ದೇಶ ಬದಲಾದರೆ ಬದಲಾಗುತ್ತದೆ. ಮ್ಯಾಟ್ರಿಕ್ಸ್ ನಂಬರು ಮೈಮೇಲಿನ ಮಚ್ಚೆ. ಬೇರೆ ದೇಶದ ಕಂಪನಿ ಲೇಬಲ್ ಬದಲಿಸಿ ಮಾರಿದರೂ ಅದು ಎಷ್ಟೋ ಸಲ ಹಾಗೇ ಉಳಿದುಬಿಡುತ್ತದೆ. ಎಷ್ಟೋ ಪ್ಲೇಟಿನ ಜಾತಕ ಬಿಚ್ಚುವುದು ಅಲ್ಲೇ. ಅಮೆರಿಕದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದವರು ಹಳೇ ಪ್ಲೇಟುಗಳ ದೊಡ್ಡ ಪಟ್ಟಿ ಮಾಡಿ ಪುಕ್ಕಟೆ ಇಟ್ಟಿದ್ದಾರೆ, ನಂಬರು ಹಾಕಿದರೆ ಸಾಕು.

ನನಗೆ ಬಾಗಿಲು ತೆಗೆದದ್ದು ಮಾತ್ರ ತಾತ ತಮಾಷೆ ಮಾಡುತ್ತಿದ್ದ ಆ 'ಓಕೆ'ಯೇ. ಅದು ಪಾಸಾದ ಮಾಲಿನ ಮುದ್ರೆಯಲ್ಲ, ಕಂಪನಿಯ ಹೆಸರು! ಪೂರ್ತಿ ಬರೆದರೆ ನಾಲ್ಕು ಅಕ್ಷರ: ಓ, ಕೆ, ಇ, ಎಚ್. ಹುಳ ತಿಂದದ್ದು ಕೊನೆಯ ಎರಡು. ಆಟ್ಟೋ ಕೆ. ಇ. ಹೈನೆಮನ್ ಎಂಬ ಜರ್ಮನ್ ಮನುಷ್ಯ ಅಮೆರಿಕದಲ್ಲಿ 1918ರಲ್ಲಿ ತನ್ನ ಹೆಸರಿನ ಮೊದಲಕ್ಷರ ಜೋಡಿಸಿ ಶುರುಮಾಡಿದ ಲೇಬಲ್ಲು. 4678 ಅಂದರೆ 1922ರಲ್ಲಿ ಬಂದ 'ಓಕೆ ನಗುವ ರೆಕಾರ್ಡು'. ಹೆಸರೇ ಅದು, ಲಾಫಿಂಗ್ ರೆಕಾರ್ಡ್. ಅಮೆರಿಕದಲ್ಲಿ ಆ ಕಾಲಕ್ಕೆ ಮನೆಮನೆಯ ಮಾತಾಗಿತ್ತು, ಮುಂದೆ 1955ರಲ್ಲಿ ಟೆಕ್ಸ್ ಏವರಿ ಎಂಬ ಕಾರ್ಟೂನಿನವರು ಅದನ್ನೇ ಇಟ್ಟುಕೊಂಡು ಒಂದು ಕಾರ್ಟೂನು ಮಾಡಿದರು, ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಗಳ ಪಟ್ಟಿಗೂ ಸೇರಿಸಿದೆ.

ಆದರೆ ಅಮೆರಿಕವೂ ಅದರ ಊರಲ್ಲ. ಹೈನೆಮನ್ ಮೊದಲು ಬರ್ಲಿನ್ನಿನಲ್ಲಿ ಪ್ಲೇಟು ಮಾಡುವ ಲಿಂಡ್‌ಸ್ಟ್ರೋಮ್ ಕಂಪನಿಯಲ್ಲಿದ್ದವನು. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಹಳೇ ನಂಟಿನಿಂದ ಜರ್ಮನಿಯ ಧ್ವನಿಮುದ್ರಣ ತರಿಸಿ ತನ್ನ ಲೇಬಲ್ಲಿನಲ್ಲಿ ಹಾಕುತ್ತಿದ್ದ. ಈ ನಗುವನ್ನು 1920ರಲ್ಲಿ ಬರ್ಲಿನ್ನಿನಲ್ಲಿ ಮುದ್ರಿಸಿದ್ದರು. ಜರ್ಮನ್ ಹೆಸರು 'ಲಾಖ್‌ಆಫ್‌ನಾಮ', ಅಂದರೆ ನಗುವಿನ ಮುದ್ರಣ, ಅಷ್ಟೇ. ನಕ್ಕವರು ಲೂಸಿ ಬೆರ್ನಾರ್ಡೊ ಮತ್ತು ಆಟ್ಟೋ ರಾಥ್ಕೆ. ಅಲ್ಲಿ ಬಂದ ಲೇಬಲ್ಲಿನ ಹೆಸರು ಕೇಳಿ: ಬೇಕಾ. ನಮ್ಮ ಕನ್ನಡದ 'ಬೇಕಾ?' ಅಲ್ಲ. ಬುಂಬ್ ಮತ್ತು ಕೋನಿಗ್ ಅಂತ ಇಬ್ಬರು ಅದನ್ನು ಶುರುಮಾಡಿದವರು, ಅವರ ಹೆಸರಿನ ಮೊದಲಕ್ಷರವನ್ನು ಜರ್ಮನ್ನರು ಹೇಳುವುದೇ 'ಬೇ', 'ಕಾ' ಅಂತ. ಬರ್ಲಿನ್ನಿನವರು 'ಬೇಕಾ' ಅಂದರು, ಅಮೆರಿಕದವರು 'ಓಕೆ' ಅಂದರು, ವ್ಯಾಪಾರ ಮುಗೀತು! ಈ ಜೋಕನ್ನು ಕನ್ನಡದವರಲ್ಲದೆ ಬೇರೆ ಯಾರೂ ಮಾಡಲಾರರು ಅನ್ನೋದು ನನ್ನ ಸಣ್ಣ ಜಂಬ.

1920ರ ಬರ್ಲಿನ್ ಅಂದರೆ ಸೋತ ಊರು. ಹಸಿವು, ಬೀದಿ ಜಗಳ, ಬೆಲೆ ಇಲ್ಲದ ದುಡ್ಡು. ಅಲ್ಲಿ ಯಾರೋ ಸಾವಿನ ರಾಗ ಊದಿಸಿ ಅದರ ಮೇಲೆ ನಗಿಸಿದ್ದಾರೆ. ಮೈಕೂ ಇರಲಿಲ್ಲ, ವಿದ್ಯುತ್ತಿನ ಧ್ವನಿಮುದ್ರಣ ಬಂದದ್ದು 1925ರಲ್ಲಿ. ದೊಡ್ಡ ತಗಡಿನ ಕೊಳವೆಯ ಮುಂದೆ ಮುಖ ಇಟ್ಟು ನಗಬೇಕಿತ್ತು. ಇದು ತಿಳಿದ ಮೇಲೆ ಮತ್ತೆ ಕೇಳಿದರೆ, ಹೆಂಗಸು ಜೋರು ಮಾಡಿದಾಗಲೆಲ್ಲ ಅವಳ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕರಕರ ಒಡೆಯುತ್ತದೆ. ಪಿನ್ನು ಸವೆದಿದೆ ಅಂತ ತಾತ ಬೈಯುತ್ತಿದ್ದದ್ದು ಅದಕ್ಕೇ. ಪಾಪ, ಪಿನ್ನಿನ ತಪ್ಪಲ್ಲ.

ಸರಿ, ಬರ್ಲಿನ್ನಿನ ನಗು, ಅಮೆರಿಕದ ಲೇಬಲ್ಲು, ತಿಪಟೂರಿನ ಅಟ್ಟಕ್ಕೆ ಹೇಗೆ ಬಂತು? ಇದಕ್ಕೆ ಯಾವ ಪಟ್ಟಿಯೂ ಇಲ್ಲ. ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು ಕೇಳಿದೆ. ಅವರಿಗೆ ಈಗ 88. 'ಅದಾ? ಫ್ಯಾಕ್ಟರಿಯ ಕೆಂಪು ಮೂತಿಯವನು ಕೊಟ್ಟದ್ದು' ಅಂದರು. ಆಗ ನೆನಪಾಯಿತು, ತಾತ ಯುದ್ಧದ ಕಾಲಕ್ಕೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಸ್ಟೋರ್ಸ್ ಗುಮಾಸ್ತರಾಗಿದ್ದರು. 1943ರಲ್ಲಿ ಆ ಕಾರ್ಖಾನೆಯನ್ನು ಅಮೆರಿಕದ ಸೇನೆಯ ವಾಯುಪಡೆಗೆ ಒಪ್ಪಿಸಿದ್ದರು. ಅವರ ವಿಮಾನಗಳ ರಿಪೇರಿ ಅಲ್ಲೇ. ಯುದ್ಧ ಮುಗಿದು ಹೊರಟವರು ಹೊತ್ತುಕೊಂಡು ಹೋಗಲಾರದ್ದನ್ನು ಅಲ್ಲಲ್ಲಿ ಕೊಟ್ಟು ಹೋದರು. ತಾತನಿಗೆ ಒಂದು ಟಿನ್ನು ತುಂಬ ಮೊಳೆ, ಒಂದು ಕಂಬಳಿ, ಈ ಪ್ಲೇಟು. ಮೊಳೆ ನಮ್ಮ ಮನೆಯ ಬಾಗಿಲುಗಳಲ್ಲಿ ಇನ್ನೂ ಇವೆ. ಅಂದರೆ ತಾತನಿಗೆ ಇದು ಗುಬ್ಬಿಯದಲ್ಲ ಅಂತ ಮೊದಲಿಂದ ಗೊತ್ತಿತ್ತು! ನಮ್ಮನ್ನು ಕೂರಿಸಿಕೊಂಡು ಹಾಗೇ ಬಿಟ್ಟಿದ್ದಾರೆ.

ತಾತನ ಮೇಲೆ ನನಗೆ ಸಿಟ್ಟಿಲ್ಲ. ಹೊರಗಿನದನ್ನು ಒಳಗಿನದು ಮಾಡಿಕೊಳ್ಳುವುದು ನಮಗೆ ಹೊಸದಲ್ಲ. ಇಂಗ್ಲಿಷ್ ಸಿಪಾಯಿಗಳು ಹಾಡುತ್ತಿದ್ದ ಟಿಪ್ಪರರಿ ಹಾಡನ್ನು ಕೈಲಾಸಂ ತಿಪ್ಪಾರಳ್ಳಿ ಮಾಡಲಿಲ್ಲವಾ? ಆದರೆ ಕೈಲಾಸಂ ಮಾಡಿದ್ದು ಎಲ್ಲರಿಗೂ ಗೊತ್ತಿದ್ದು ಮಾಡಿದ್ದು, ಹೊಸ ಮಾತು ಹಾಕಿ ಮಾಡಿದ್ದು. ಪೇಪರಿನಲ್ಲಿ ಅಚ್ಚಾದರೆ ಅದು ಬೇರೆ. ನಾಳೆ ಇನ್ನೊಬ್ಬರು ನಿಮ್ಮ ಪುರವಣಿ ತೋರಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಆಮೇಲೆ ಲೂಸಿಯೂ ಇಲ್ಲ, ರಾಥ್ಕೆಯೂ ಇಲ್ಲ.

ನಗುವಿಗೆ ಭಾಷೆ ಇಲ್ಲ, ಅದಕ್ಕೇ ಈ ತಾಪತ್ರಯ. ಹಾಡಾಗಿದ್ದರೆ ಒಂದು ಪದ ಕೇಳಿ ಜರ್ಮನ್ನೋ ಕನ್ನಡವೋ ಹೇಳಬಹುದಿತ್ತು. ಹಳೇ ಕಾಲದ ಗಾಯಕಿ ಗೌಹರ್ ಜಾನ್ ನೆನಪಾಗುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದಾಗ ಕೊನೆಗೆ 'ನನ್ನ ಹೆಸರು ಗೌಹರ್ ಜಾನ್' ಅಂತ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆಗ ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಅಂತ ತಿಳಿದು ಸರಿಯಾದ ಲೇಬಲ್ ಅಂಟಿಸಲಿ ಅಂತ ಆ ಪದ್ಧತಿ. ಎಷ್ಟು ಜಾಣತನ! ಅವರು ಕೊನೆಗಾಲಕ್ಕೆ ನಮ್ಮ ಮೈಸೂರಿಗೇ ಬಂದರು, ನಾಲ್ವಡಿಯವರ ಆಸ್ಥಾನದಲ್ಲಿದ್ದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಾಗದದ ಲೇಬಲ್ಲನ್ನು ಹುಳ ತಿಂದರೂ ಅವರ ಹೆಸರು ಅರಗಿನಲ್ಲಿ ಉಳಿದಿದೆ. ಬರ್ಲಿನ್ನಿನ ಇಬ್ಬರು ಹೆಸರು ಹೇಳಲಿಲ್ಲ. ಹೇಳೋಕೆ ಉಸಿರು ಎಲ್ಲಿತ್ತು?

ಈ ನಂಬರಿನ ವಿಷಯ ಗೆಳೆಯರಿಗೆ ಹೇಳಿದಾಗ ಮೂವರು ಕೇಳಿದ್ದು ಒಂದೇ ಪ್ರಶ್ನೆ, 'ಲಕ್ಷ ಬರುತ್ತಾ?' ಬರಲ್ಲ. ಅಮೆರಿಕದಲ್ಲಿ ಇದು ಜಾಸ್ತಿ ಮಾರಿದ ಪ್ಲೇಟು, ಅಲ್ಲಿನ ಸಂತೆಗಳಲ್ಲಿ ಈಗಲೂ ಸಿಗುತ್ತದೆ. ಅಪರೂಪ ಆಗಿರುವುದು ತಿಪಟೂರಿನಲ್ಲಿ ಮಾತ್ರ. ನಮ್ಮ ಕನ್ನಡದ ತಮಾಷೆ ಪ್ಲೇಟುಗಳ ಕಥೆ ಉಲ್ಟಾ. ನಾಟಕದ ಹಾಸ್ಯ ಪ್ರಸಂಗಗಳನ್ನು ಪ್ಲೇಟಿಗೆ ಕೊಟ್ಟ ನಮ್ಮವರು ನಿಜವಾಗಲೂ ಇದ್ದರು, ಅವು ಗುಜರಿಗೆ ಹೋಗುತ್ತಿವೆ. ನಮ್ಮ ಬೀದಿಯಲ್ಲೇ ಒಬ್ಬರ ಮನೆ ಕೆಡವುವಾಗ ಮೂವತ್ತು ನಲವತ್ತು ಪ್ಲೇಟು ಕಲ್ಲುಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತಿದವು. ನಾನು ಹೋಗುವಷ್ಟರಲ್ಲಿ ಚೂರು. ಒಂದು ಚೂರಿನ ಮೇಲೆ 'ಹಾಸ್ಯ' ಅಂತ ಕನ್ನಡದಲ್ಲಿ ಇತ್ತು. ಯಾರ ಹಾಸ್ಯ, ಆ ಭಾಗ ಸಿಗಲಿಲ್ಲ. ಅದರ ಸಂಕಟಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂತ ಕಾಣುತ್ತದೆ.

ಹಾಗಾಗಿ ಎರಡು ಬೇಡಿಕೆ. ಮುಂದಿನ ಪುರವಣಿಯಲ್ಲಿ ಒಂದು ಸಣ್ಣ ತಿದ್ದುಪಡಿ ಹಾಕಿ, ಲೂಸಿ ಬೆರ್ನಾರ್ಡೊ, ಆಟ್ಟೋ ರಾಥ್ಕೆ ಹೆಸರಿನ ಸಮೇತ. ಲೇಖಕರ ಕೈಯಲ್ಲಿರುವ ಪ್ಲೇಟು ಬೇರೆಯದಾಗಿದ್ದರೆ, ನಿಜವಾಗಲೂ ನಮ್ಮವರದೇ ಆಗಿದ್ದರೆ, ನನಗಿಂತ ಖುಷಿಪಡುವವರು ಯಾರೂ ಇಲ್ಲ. ಆದರೆ ಲೇಬಲ್ಲಿನ ಪಕ್ಕದ ಆ ನುಣುಪು ಜಾಗದಲ್ಲಿ ಏನು ಕೆತ್ತಿದೆ ಅಂತ ಟಾರ್ಚು ಹಿಡಿದು ನೋಡಿ, ಅದರ ಫೋಟೊ ಜೊತೆಗೆ ಅಚ್ಚು ಹಾಕಲಿ.

ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಬರ್ಲಿನ್ನು, ಬುಂಬ್, ಹೈನೆಮನ್, ಎಲ್ಲ ಕೇಳಿದರು. ಆಮೇಲೆ ಪ್ಲೇಟು ಹಾಕು ಅಂದರು. ದಪ್ಪ ಗಂಟಲಿನ ಗಂಡಸು ನಗಲು ಶುರುಮಾಡಿದ ತಕ್ಷಣ ನನ್ನ ಕೈ ತಟ್ಟಿ, 'ಇವನೇ ನೋಡು ಗುಬ್ಬಿಯವನು' ಅಂದರು.

ಇತಿ,
ನಿಮ್ಮ ಹಳೆಯ ಓದುಗ,
ತಿಪಟೂರು